ಮೊದಲು ಜಾಗ ನೋಡಿ, ಆಮೇಲೆ ಗಿಡ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಮತ್ತು ಅದರ ಸುತ್ತಲಿನ ರಸ್ತೆಗಳಲ್ಲಿ ಸಸಿ ನೆಡುತ್ತಿದ್ದೇವೆ. ತರಬೇಕಾದ ಸಸಿಗಳ ಪಟ್ಟಿ ಮೊನ್ನೆ ನನ್ನ ಕೈಗೆ ಬಂತು. ಓದಿ ಮುಗಿಸಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇವತ್ತು ಮಾತಾಡಲು ಅವಕಾಶ ಕೊಡಿ ಅಂತ ನಾನೇ ಕೇಳಿಕೊಂಡೆ.

ಗುಲ್‌ಮೊಹರ್, ಟಬೆಬುಯಾ, ಫಾಕ್ಸ್‌ಟೇಲ್ ಪಾಮ್, ಕೋನೋಕಾರ್ಪಸ್, ನಡುವೆ ಹುಲ್ಲಿನ ಲಾನ್. ಫೋಟೋದಲ್ಲಿ ಎಲ್ಲವೂ ಚೆಂದ. ಆದರೆ ಯಾವ ಗಿಡ ಎಲ್ಲಿಗೆ ಅನ್ನುವುದು ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಕರೆಂಟ್ ತಂತಿಯ ಕೆಳಗೆ ಯಾವುದು? ನೀರು ನಿಲ್ಲುವ ಆ ಪೂರ್ವದ ಮೂಲೆಗೆ ಯಾವುದು? ನಾವು ಮೊದಲು ಗಿಡ ಇಷ್ಟಪಡುತ್ತೇವೆ, ಆಮೇಲೆ ಅದಕ್ಕೊಂದು ಜಾಗ ಹುಡುಕುತ್ತೇವೆ. ಅದು ತಿರುಗುಮುರುಗು. ಮೊದಲು ಜಾಗ ನೋಡಬೇಕು, ಆಮೇಲೆ ಗಿಡ.

ಮೈಸೂರಿನವರಿಗೆ ಮರದ ಬಗ್ಗೆ ಹೇಳುವುದು ಅಂದರೆ ಮಂಡ್ಯದವರಿಗೆ ಕಬ್ಬಿನ ಬಗ್ಗೆ ಹೇಳಿದ ಹಾಗೆ. ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಅವರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು, ವರ್ಷದ ಎಲ್ಲ ತಿಂಗಳೂ ಒಂದಲ್ಲ ಒಂದು ಮರ ಹೂ ಬಿಡುವಂತೆ ಸಾಲುಮರ ನೆಡಿಸಿದ್ದು ನಿಮಗೆ ಗೊತ್ತೇ ಇದೆ. ಎಷ್ಟೋ ಮರಗಳನ್ನು ಹೊರದೇಶದಿಂದ ತಂದರು. ನಾನು ಅದರ ವಿರೋಧಿ ಅಲ್ಲ. ಆ ಕಾಲದ ಮಳೆಮರಗಳ ನೆರಳಿನಲ್ಲೇ ನಾನೂ ಸ್ಕೂಲಿಗೆ ನಡೆದವನು. ಆದರೆ ಆ ಮರಗಳಿಗೆ ಅಗಲವಾದ ರಸ್ತೆ ಇತ್ತು, ಬೇರು ಬಿಡಲು ಮಣ್ಣಿತ್ತು, ದಿನಾ ನೋಡಿಕೊಳ್ಳುವ ಮಾಲಿಗಳಿದ್ದರು. ನಮ್ಮ ಮೂವತ್ತು ಅಡಿ ರಸ್ತೆಯಲ್ಲಿ ಚರಂಡಿಗೂ ಕಾಂಪೌಂಡಿಗೂ ನಡುವೆ ಎರಡಡಿ ಮಣ್ಣು ಉಳಿದರೆ ಹೆಚ್ಚು. ಅಲ್ಲಿ ಗುಲ್‌ಮೊಹರ್ ನೆಟ್ಟರೆ ಏನಾಗುತ್ತದೆ? ಅದರ ಕೊಂಬೆ ಗಟ್ಟಿಯಲ್ಲ, ಮೇ ತಿಂಗಳ ಗಾಳಿಗೆ ಮುರಿಯುತ್ತದೆ.

ಗಾಳಿ ಅಂದಾಗ ನಮ್ಮ ಬೇವಿನ ಮರದ ವಿಷಯ ಹೇಳಲೇಬೇಕು.

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ, ಅವಳ ಹುಟ್ಟುಹಬ್ಬದ ದಿನ ಮನೆ ಮುಂದೆ ಒಂದು ಬೇವು ನೆಟ್ಟೆವು. ನರ್ಸರಿಯಲ್ಲಿ ಇದ್ದದ್ದರಲ್ಲೇ ಎತ್ತರದ್ದನ್ನು ಆರಿಸಿದ್ದೆ. ಸಣ್ಣ ಕಪ್ಪು ಕವರಿನಲ್ಲಿ ನಾಲ್ಕಡಿ ಗಿಡ. ನಮ್ಮ ಕಡೆಯದು ಕಲ್ಲು ಬೆರೆತ ಕೆಂಪು ಮಣ್ಣು, ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ. ಒಂದಡಿ ಅಗೆದು, ಸಾಕು ಅಂತ ನೆಟ್ಟುಬಿಟ್ಟೆ. ಗಿಡ ಚೆನ್ನಾಗಿಯೇ ಬಂತು. ಪ್ರತಿ ಹುಟ್ಟುಹಬ್ಬಕ್ಕೂ ಮಗಳು ಅದರ ಪಕ್ಕ ನಿಂತು ಎತ್ತರ ನೋಡಿಕೊಳ್ಳುತ್ತಿದ್ದಳು. ಎರಡನೇ ವರ್ಷಕ್ಕೇ ಅದು ಅವಳನ್ನು ಸೋಲಿಸಿತು. ಯುಗಾದಿಗೆ ಬೇವಿನ ಹೂವು ಇಡೀ ಬೀದಿಗೆ ನಮ್ಮ ಮನೆಯದೇ.

ಏಳನೇ ವರ್ಷ, ಮೇ ತಿಂಗಳು, ಸಂಜೆ ನಾಲ್ಕು ಗಂಟೆ. ಮಳೆಗೆ ಮುಂಚಿನ ಗಾಳಿ. ಸುಮಾರು ಹದಿನೈದು ಅಡಿಯ ಮರ ಬುಡಸಮೇತ ಮಲಗಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಹತ್ತಿರ ಹೋಗಿ ಬುಡ ನೋಡಿದೆ. ಬೇರೆಲ್ಲ ಒಂದರ ಮೇಲೊಂದು ಸುತ್ತಿಕೊಂಡು, ಕೊಡ ಹೊರುವವರು ತಲೆ ಮೇಲೆ ಇಟ್ಟುಕೊಳ್ಳುವ ಸಿಂಬೆಯ ಹಾಗೆ ಆಗಿತ್ತು. ನಾನು ಕವರನ್ನು ಹರಿದು ಎಸೆದಿದ್ದೆ. ಬೇರು ಏಳು ವರ್ಷ ಆ ಕವರಿನ ಅಳತೆಯಲ್ಲೇ ಸುತ್ತುತ್ತಿತ್ತು. ಮಗಳು ಅವತ್ತು ಊಟ ಮಾಡಲಿಲ್ಲ.

ಆದ್ದರಿಂದ ದಯವಿಟ್ಟು, ನರ್ಸರಿಯಲ್ಲಿ ಎತ್ತರ ನೋಡಿ ಮರುಳಾಗಬೇಡಿ. ಸಣ್ಣ ಕವರಿನಲ್ಲಿ ಉದ್ದ ಗಿಡ ಇದ್ದರೆ ಅದು ಅಲ್ಲಿ ಜಾಸ್ತಿ ದಿನ ಕೂತಿದೆ ಅಂತ ಅರ್ಥ. ಎರಡಡಿಯ ಎಳೆ ಸಸಿ ತನ್ನಿ. ಕವರ್ ಬಿಚ್ಚಿದಾಗ ಬೇರು ಸುತ್ತಿದ್ದರೆ, ಬ್ಲೇಡಿನಿಂದ ಮೂರು ನಾಲ್ಕು ಕಡೆ ಮೇಲಿಂದ ಕೆಳಕ್ಕೆ ಗೀರಿ, ತಳದ ಸುರುಳಿಯನ್ನು ಕತ್ತರಿಸಿ ತೆಗೆಯಿರಿ. ಗಿಡ ಸಾಯುವುದಿಲ್ಲ. ಹೊಸ ಬೇರು ಹೊರಗೆ ಚಾಚುತ್ತದೆ. ಗುಂಡಿ ಎರಡಡಿ ಅಗಲ, ಎರಡಡಿ ಆಳ. ಕಾಂಡವನ್ನು ಮಣ್ಣಿನಲ್ಲಿ ಹೂಳಬೇಡಿ. ಕವರಿನಲ್ಲಿ ಎಲ್ಲಿಯವರೆಗೆ ಮಣ್ಣಿತ್ತೋ ಅಲ್ಲಿಯವರೆಗೆ ಮಾತ್ರ.

ಇನ್ನು ಲಾನ್. ಇದರ ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ ಸುಮಾರು 5 ಮಿ.ಮೀ. ನೀರು ಬೇಕು. ಸಾವಿರ ಚದರ ಅಡಿಗೆ 450 ಲೀಟರ್ ದಾಟುತ್ತದೆ, ಅಂದರೆ ದಿನಾ ಮೂವತ್ತು ಬಿಂದಿಗೆ. ಕಾವೇರಿಯಿಂದ ಪಂಪ್ ಮಾಡಿ, ಶುದ್ಧ ಮಾಡಿ ತಂದ ಕುಡಿಯುವ ನೀರು ಅದು. ಕೆಆರ್‌ಎಸ್ ಮಟ್ಟ ಇಳಿದಾಗ ಪತ್ರಿಕೆಯಲ್ಲಿ ದಿನಾ ಅಡಿ ನೋಡುವವರು ನಾವೇ ಅಲ್ವಾ? ಮಕ್ಕಳು ಆಡುವಷ್ಟು ಜಾಗ ಹುಲ್ಲಿರಲಿ. ಮಿಕ್ಕ ಕಡೆ ಮರದ ಕೆಳಗೆ ತರಗೆಲೆ ಹರಡೋಣ. ಗುಡಿಸಿ ಬೆಂಕಿ ಹಾಕುವುದನ್ನು ಬಿಟ್ಟರೆ ಅದೇ ಗೊಬ್ಬರ, ಅದೇ ಮಣ್ಣಿಗೆ ಹೊದಿಕೆ.

ಕೋನೋಕಾರ್ಪಸ್ ಬೇಡವೇ ಬೇಡ. ಅದರ ಪರಾಗದಿಂದ ಅಲರ್ಜಿ, ಬೇರಿನಿಂದ ಪೈಪು, ಕೇಬಲ್ಲುಗಳಿಗೆ ತೊಂದರೆ ಅಂತ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ. ಹಳದಿ ಹೂ ಬೇಕು ಅಂತ ಯಾರೋ ಸೆನ್ನಾ ಕೇಳಿದರಂತೆ. ಸೆನ್ನಾ ಸ್ಪೆಕ್ಟಾಬಿಲಿಸ್ ಅನ್ನುವ ಹೊರದೇಶದ ಮರ ಬಂಡೀಪುರ, ನಾಗರಹೊಳೆಯಲ್ಲಿ ಹಬ್ಬಿ, ತನ್ನ ಕೆಳಗೆ ಹುಲ್ಲು ಹುಟ್ಟಲು ಬಿಡುತ್ತಿಲ್ಲ. ಹುಲ್ಲಿಲ್ಲದೆ ಜಿಂಕೆ ಏನು ತಿನ್ನಬೇಕು? ಹಳದಿಗೆ ನಮ್ಮ ಕಕ್ಕೆ ಮರವೇ ಇದೆಯಲ್ಲ. ಏಪ್ರಿಲ್, ಮೇನಲ್ಲಿ ಗೊಂಚಲು ಗೊಂಚಲಾಗಿ ಇಳಿಬೀಳುತ್ತದೆ. ಬೇರೂರಿದ ಮೇಲೆ ನೀರು ಕೇಳುವುದಿಲ್ಲ. ನೇರಳೆ ಬಣ್ಣಕ್ಕೆ ಹೊಳೆದಾಸವಾಳ. ನೆರಳಿಗೆ ಹೊಂಗೆ, ಅದರ ಕೆಳಗೆ ಕೂತವರಿಗೆ ಬೇರೆ ವಿವರಣೆ ಬೇಕಿಲ್ಲ.

ತಂತಿಯ ಕೆಳಗೆ ಪಾರಿಜಾತ, ನಂದಿಬಟ್ಟಲು, ಕರಿಬೇವು. ಮುಂದಿನ ಸಾಲಿನ ಅಮ್ಮ ನಗುತ್ತಿದ್ದಾರೆ. ಅವರ ಮನೆಯ ಕರಿಬೇವು ಇಡೀ ಬೀದಿಯ ಒಗ್ಗರಣೆ ನಡೆಸುತ್ತದೆ! ಕರಿಬೇವು, ನಿಂಬೆಯ ಎಲೆ ತಿಂದೇ ಬೆಳೆಯುವ ಚಿಟ್ಟೆಗಳಿವೆ. ಎಲೆಯಲ್ಲಿ ತೂತು ಕಂಡ ಕೂಡಲೇ ಔಷಧಿ ಹೊಡೆಯಬೇಡಿ.

ಚೀಟಿ ಬಂತು, ಐದೇ ನಿಮಿಷ ಅಂತೆ. ಪೊದೆಗಳ ಬಗ್ಗೆ, ಮಳೆನೀರಿನ ಇಂಗುಗುಂಡಿಯ ಬಗ್ಗೆ ಬರೆದುಕೊಂಡು ಬಂದಿದ್ದೆ, ಇರಲಿ. ಆವರಿಕೆ, ಲಕ್ಕಿ, ಆಡುಸೋಗೆ ಮೂರನ್ನು ಬೇಲಿಗೆ ನೆನಪಿಟ್ಟುಕೊಳ್ಳಿ. ಇಲ್ಲಿನ ಮಳೆ ಮಲೆನಾಡಿನ ಹಾಗೆ ಬಿಡದೆ ಸುರಿಯುವುದಿಲ್ಲ, ಮೇನಲ್ಲೊಮ್ಮೆ, ಸೆಪ್ಟೆಂಬರ್, ಅಕ್ಟೋಬರಿನಲ್ಲೊಮ್ಮೆ ಜೋರು. ನಡುವೆ ವಾರಕ್ಕೊಮ್ಮೆ ನೀರು ಕೊಡಬೇಕು, ಎರಡು ಬೇಸಿಗೆ ಕಾಯಬೇಕು. ಯಾವ ಮನೆಯವರು ಯಾವ ಗಿಡಕ್ಕೆ ಅಂತ ಇವತ್ತೇ ಹೆಸರು ಬರೆಸಿ.

ಆ ಪೂರ್ವದ ಮೂಲೆಯ ವಿಷಯ ಒಂದೇ ಬಾಕಿ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಡದಲ್ಲಿ ಬಿಳಿ ಕಾಂಡದ ದೊಡ್ಡ ದೊಡ್ಡ ಮರಗಳನ್ನು ನೋಡಿದ್ದೀರಿ. ಹೊಳೆಮತ್ತಿ. ಕಾಲು ನೀರಲ್ಲಿದ್ದರೂ ಅದಕ್ಕೆ ಚಿಂತೆಯಿಲ್ಲ. ಬೇವಿಗೆ ನೀರು ನಿಂತರೆ ಆಗುವುದಿಲ್ಲ. ಶನಿವಾರ ಸಂಜೆಯೇ ಗುಂಡಿಗಳನ್ನು ತೆಗೆದು, ಒಂದೊಂದಕ್ಕೂ ಎರಡು ಬಕೆಟ್ ನೀರು ಸುರಿಯೋಣ. ಭಾನುವಾರ ಬೆಳಿಗ್ಗೆ ನೀರು ಇಂಗಿದ ಗುಂಡಿಗೆ ಬೇವು, ಹಾಗೇ ನಿಂತಿದ್ದ ಗುಂಡಿಗೆ ಹೊಳೆಮತ್ತಿ. ಆಮೇಲೆ ಪಟ್ಟಿ ಬರೆಯೋಣ. ನಮ್ಮ ಮನೆಯಲ್ಲಿ ಎರಡು ಹಾರೆ ಇವೆ, ತರುತ್ತೇನೆ. ಶನಿವಾರ ಸಂಜೆ ಐದು ಗಂಟೆಗೆ ಬನ್ನಿ. ನಮಸ್ಕಾರ.