ತಂತಿಯಲ್ಲಿ ಬಂದ ರೇಡಿಯೊ

ಕೇಳುಗರಿಗೆ ನಮಸ್ಕಾರ.

ಕೋಲಾರ ಜಿಲ್ಲೆಯ ಬೂದಿಕೋಟೆ ಅಂದರೆ ಹೈದರ್ ಅಲಿ ಹುಟ್ಟಿದ ಊರು ಅಂತ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಅದು ತಂತಿಯಲ್ಲಿ ರೇಡಿಯೊ ಓಡಿಸಿದ ಊರು.

ರೇಡಿಯೊಗೆ ಯಾಕಪ್ಪಾ ತಂತಿ? 1995ರಲ್ಲಿ ಸುಪ್ರೀಂ ಕೋರ್ಟ್, ರೇಡಿಯೊ ಅಲೆಗಳು ಜನರ ಸೊತ್ತು ಎಂದು ತೀರ್ಪು ಕೊಟ್ಟಿತು. ಸೊತ್ತೇನೋ ನಮ್ಮದಾಯಿತು, ಮುಟ್ಟುವ ಹಾಗಿರಲಿಲ್ಲ. ಹಳ್ಳಿಯವರು ಲೈಸೆನ್ಸ್ ಕೇಳೋಣ ಎಂದರೆ ಅದಕ್ಕೊಂದು ನಿಯಮವೇ ಇರಲಿಲ್ಲ.

ಬೂದಿಕೋಟೆಯಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ 'ನಮ್ಮ ಧ್ವನಿ' ಶುರು ಮಾಡಿದವು. ಸ್ವಸಹಾಯ ಸಂಘದ ಹೆಂಗಸರು, ಊರಿನ ಹುಡುಗ ಹುಡುಗಿಯರು ತಾವೇ ಮಾತಾಡಿ ರೆಕಾರ್ಡ್ ಮಾಡಿದರು. ಮೊದಮೊದಲು ಅದನ್ನು ಸಂಘದ ಸಭೆಗಳಲ್ಲಿ ಹಾಕುತ್ತಿದ್ದರು, ಮೈಕ್ ಕಟ್ಟಿ ಕೇಳಿಸುತ್ತಿದ್ದರು. ಆಮೇಲೊಂದು ದಾರಿ ಹೊಳೆಯಿತು. ಟಿವಿ ಕೇಬಲ್ ಹೇಗೂ ಊರೊಳಗೆ ಬಂದಿತ್ತಲ್ಲ, ಅದರಲ್ಲೇ ದನಿ ಕಳಿಸಿದರು! ಗಾಳಿಯಲ್ಲಿ ಬಿಟ್ಟರೆ ಅಪರಾಧ, ತಂತಿಯಲ್ಲಿ ಬಿಟ್ಟರೆ ಅಲ್ಲ. ಈ ಜಾಣತನ ನನಗೆ ತುಂಬಾ ಇಷ್ಟ.

ಗಾಳಿಯಲ್ಲೇ ಬಿಟ್ಟವನೂ ಒಬ್ಬನಿದ್ದ. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಹುಡುಗ. ಸುಮಾರು 50 ರೂಪಾಯಿಯ ಬಿಡಿಭಾಗಗಳಲ್ಲಿ ಟ್ರಾನ್ಸ್‌ಮಿಟರ್ ಮಾಡಿದ. ಅಂಗಡಿಯ ಎದುರಿನ ಆಸ್ಪತ್ರೆಯ ಮಾಳಿಗೆ ಮೇಲೆ ಬಿದಿರು ನಿಲ್ಲಿಸಿ, ಅದಕ್ಕೆ ಕಟ್ಟಿದ. ಸಿನಿಮಾ ಹಾಡು, ಊರಿನ ಸುದ್ದಿ, ಪೋಲಿಯೊ ಬಗ್ಗೆ ಎಚ್ಚರಿಕೆ, ಎಲ್ಲವೂ ಅಲ್ಲಿಂದ. ಸುತ್ತಲಿನ ಹಳ್ಳಿಗಳು ಕಿವಿಗೊಟ್ಟವು. 2006ರಲ್ಲಿ ಲೈಸೆನ್ಸ್ ಇಲ್ಲವೆಂದು ಅಧಿಕಾರಿಗಳು ಬಂದು ಮುಚ್ಚಿಸಿದರು.

ನಮ್ಮ ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ನಿಲಯ ತೆರೆದದ್ದನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಈ ಹುಡುಗ ಮಾಡಿದ್ದೂ ಸುಮಾರು ಅದೇ ಅಲ್ವಾ?

ಅದೇ 2006ರ ಕೊನೆಗೆ ಸರ್ಕಾರ ಹೊಸ ನೀತಿ ತಂದಿತು. ಸ್ವಯಂಸೇವಾ ಸಂಸ್ಥೆಗಳೂ ಸಮುದಾಯ ಬಾನುಲಿ, ಅಂದರೆ ಊರಿನವರೇ ತಮಗಾಗಿ ನಡೆಸುವ ರೇಡಿಯೊ, ನಡೆಸಬಹುದು ಎಂದಿತು. ವರ್ಷಗಟ್ಟಲೆ ಕ್ಯಾಸೆಟ್ ತುಂಬಿಸಿ ಕಾದಿದ್ದ ಆಗಿನ ಆಂಧ್ರಪ್ರದೇಶದ ಮೇದಕ್ ಜಿಲ್ಲೆಯ ಮಾಚನೂರಿನ ದಲಿತ ಹೆಂಗಸರ 'ಸಂಘಂ ರೇಡಿಯೊ' 2008ರಲ್ಲಿ ಗಾಳಿಗೆ ಬಂತು.

ಆದರೆ ನೀತಿಯಲ್ಲಿ ಒಂದು ಷರತ್ತಿತ್ತು. ಸಂಸ್ಥೆ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಆಗಿರಬೇಕು. ಒಬ್ಬನೇ ವ್ಯಕ್ತಿಗೆ ಲೈಸೆನ್ಸ್ ಇಲ್ಲ. ಬಿದಿರು ಕಟ್ಟಿದ ಆ ಹುಡುಗ ಅರ್ಜಿ ಹಾಕಿದ್ದರೂ ಸಿಗುತ್ತಿರಲಿಲ್ಲ.

ನಮಸ್ಕಾರ.