ಹಿಂಬದಿ ಕೊಠಡಿಯ ಬೀಗದ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೇ ಮೈಸೂರು ಕಡೆಯ ಒಂದು ಹೋಬಳಿ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿಯಾಗಿದ್ದೆ. ಆ ಶಾಲೆಯ ಹಿಂಬದಿಯಲ್ಲಿ ಒಂದು ಉದ್ದನೆಯ ಕೊಠಡಿ ಇದೆ. ಅಲ್ಲಿ ಆಟೊಮೊಬೈಲ್ ತರಗತಿ ನಡೆಯುತ್ತಿತ್ತು. ಒಂದು ದಿನ ನಾನು ಹೋಗಿ ಬಾಗಿಲಲ್ಲಿ ನಿಂತಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹಳೆಯ ಮೊಪೆಡ್‌ನ ಸ್ಪಾರ್ಕ್ ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ತುದಿಗೆ ಕಟ್ಟಿದ್ದ ಮಸಿಯನ್ನು ಎಮರಿ ಕಾಗದದಿಂದ ಉಜ್ಜಿದಳು. ಸಂದಿಗೆ ತೆಳುವಾದ ತಗಡಿನ ಗೇಜು ತೂರಿಸಿ ನೋಡಿದಳು. "ಮಿಸ್, ಪಾಯಿಂಟ್ ಆರು ಎಂಎಂ ಇರ್ಬೇಕು, ಇದು ಪಾಯಿಂಟ್ ಒಂಬತ್ತಾಗಿದೆ" ಅಂದಳು. ಗಣಿತದ ಪೀರಿಯಡ್ಡಿನಲ್ಲಿ ದಶಮಾಂಶ ಅಂದರೆ ತಲೆ ತಗ್ಗಿಸಿ ಕೂರುತ್ತಿದ್ದ ಹುಡುಗಿ ಅವಳು. ಮೆಲ್ಲಗೆ ತಟ್ಟಿ ಸಂದಿ ಸರಿಮಾಡಿ, ಪ್ಲಗ್ ಕೂರಿಸಿ ಪೆಡಲ್ ತುಳಿದಳು. ಮೂರನೇ ಸಲಕ್ಕೆ ಗಾಡಿ ಶುರುವಾಯಿತು. ಕೊಠಡಿಯ ತುಂಬ ಹೊಗೆ, ಮಕ್ಕಳ ಚಪ್ಪಾಳೆ.

ಮರುವರ್ಷ ಜೂನ್‌ನಲ್ಲಿ ಶಾಲೆ ತೆರೆಯಿತು. ಹುಡುಗಿ ಹತ್ತನೇ ತರಗತಿಗೆ ಬಂದಳು. ತರಬೇತುದಾರರು ಬರಲಿಲ್ಲ. ಅವರು ನಮ್ಮ ಇಲಾಖೆಯ ನೌಕರರಲ್ಲ, ಏಜೆನ್ಸಿಯ ಮೂಲಕ ಬಂದವರು. ಏಜೆನ್ಸಿಯ ಗುತ್ತಿಗೆ ಇನ್ನೂ ನವೀಕರಣ ಆಗಿಲ್ಲ ಎಂಬ ಉತ್ತರ ಬಂತು. ದಸರಾ ರಜೆ ಮುಗಿಯುವವರೆಗೂ ಆ ಕೊಠಡಿಗೆ ಬೀಗ. ಬೀಗದ ಕೈ ನನ್ನ ಮೇಜಿನ ಡ್ರಾದಲ್ಲೇ ಇತ್ತು. ಪಾಠ ಮಾಡುವವರನ್ನು ಕರೆಸುವ ಅಧಿಕಾರ ನನಗಿರಲಿಲ್ಲ. ಒಂದು ಡಬ್ಬಿ ಗ್ರೀಸ್ ಕೊಳ್ಳಲು ಆ ಬಾಬ್ತಿನಲ್ಲಿ ಹಣವೂ ಇರಲಿಲ್ಲ. ಇವತ್ತು ನಾನು ಮಾತನಾಡಬೇಕೆಂದಿರುವುದು ಈ ಬೀಗದ ಕೈ ವಿಚಾರ. ಪ್ರೌಢಶಾಲೆಯ ಮಕ್ಕಳಿಗೆ ಕೊಡುವ ವೃತ್ತಿ ಶಿಕ್ಷಣದ ಹಣ ಎಲ್ಲಿಂದ ಹೊರಟು ಯಾರ ಕೈ ದಾಟಿ ಬರುತ್ತದೆ, ಅದಕ್ಕೆ ಹೊಣೆ ಯಾರು ಎಂಬ ವಿಚಾರ.

ಇದು ಹಾಡು, ಚಿತ್ರಕಲೆಯ ಹಾಗೆ ಹೆಚ್ಚುವರಿ ತರಗತಿ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಎಂಬ ಹೆಸರಿನಲ್ಲಿ ಬಂದಿರುವ ಈ ವಿಷಯಗಳನ್ನು, ಅಂದರೆ ಆಟೊಮೊಬೈಲ್, ಐಟಿ, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮುಂತಾದವನ್ನು, ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಜಾಗದಲ್ಲಿ ತೆಗೆದುಕೊಳ್ಳುವ ಅವಕಾಶವಿದೆ. ಅಂದರೆ ಹಿಂದಿ ಬಿಟ್ಟು ಆಟೊಮೊಬೈಲ್ ಹಿಡಿದ ಮಗು ಅದರಲ್ಲೇ ಪರೀಕ್ಷೆ ಬರೆಯಬೇಕು. ನಾಲ್ಕು ತಿಂಗಳು ಪಾಠ ಮಾಡುವವರಿಲ್ಲದಿದ್ದರೆ ಏಟು ಬೀಳುವುದು ಆ ಮಗುವಿನ ಅಂಕಪಟ್ಟಿಗೆ.

ಹಣದ ದಾರಿ ಹೀಗಿದೆ. ಶಾಲೆಗಳ ವೃತ್ತಿ ಶಿಕ್ಷಣ 2018ರಿಂದ ಸಮಗ್ರ ಶಿಕ್ಷಣ ಯೋಜನೆಯೊಳಗೆ ಸೇರಿದೆ. ನಮ್ಮಂಥ ರಾಜ್ಯಗಳಿಗೆ ನೂರಕ್ಕೆ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ರಾಜ್ಯ ಪ್ರತಿ ವರ್ಷ ಕ್ರಿಯಾಯೋಜನೆ ಮಾಡಿ ಕಳಿಸುತ್ತದೆ, ದೆಹಲಿಯ ಮಂಡಳಿ ಅದಕ್ಕೆ ಒಪ್ಪಿಗೆ ಕೊಡುತ್ತದೆ, ಹಣ ಕಂತುಗಳಲ್ಲಿ ಇಳಿಯುತ್ತದೆ. ಹಿಂದಿನ ಕಂತಿನ ಹಣಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬರುವುದಿಲ್ಲ. ಯಂತ್ರ, ಉಪಕರಣಕ್ಕೆ ಒಮ್ಮೆ ಕೊಡುವ ಹಣ ಬೇರೆ. ತರಬೇತುದಾರರ ಸಂಬಳ, ಕಚ್ಚಾ ಸಾಮಗ್ರಿ, ಮಕ್ಕಳನ್ನು ಕಾರ್ಖಾನೆಗೋ ಗ್ಯಾರೇಜಿಗೋ ಕರೆದೊಯ್ಯುವ ಖರ್ಚು, ಇದು ವರ್ಷವರ್ಷವೂ ಬರಬೇಕಾದ ಹಣ, ಬೇರೆ. ಪೆಟ್ಟಿಗೆಗಟ್ಟಲೆ ಉಪಕರಣ ಬಂದು ಇಳಿದದ್ದನ್ನು ನಾನು ನೋಡಿದ್ದೇನೆ. ಶಾಲೆ ಸೋಲುವುದು ಎರಡನೆಯ ಬಗೆಯ ಹಣ ತಡವಾದಾಗ. ಎಂಜಿನ್ ಬಂತು, ಅದಕ್ಕೆ ಹಾಕುವ ಎಣ್ಣೆ ಬರಲಿಲ್ಲ ಅಂದ ಹಾಗೆ.

ಪಠ್ಯದ ಚೌಕಟ್ಟು ತಯಾರಾಗುವುದು ಭೋಪಾಲದ ಕೇಂದ್ರೀಯ ಸಂಸ್ಥೆಯಲ್ಲಿ. ಒಪ್ಪಿಗೆ ದೆಹಲಿಯಲ್ಲಿ, ಟೆಂಡರ್ ಬೆಂಗಳೂರಿನಲ್ಲಿ. ಮಕ್ಕಳ ಮುಂದೆ ನಿಂತು ಉತ್ತರ ಹೇಳಬೇಕಾದವರು ಮಾತ್ರ ಹೋಬಳಿಯ ಮುಖ್ಯ ಶಿಕ್ಷಕರು. ಮೇಲೆ ಕೇಂದ್ರ, ರಾಜ್ಯ ಇಬ್ಬರ ನಡುವೆ ಮಾತು ಮುರಿದರೆ ಏನಾಗುತ್ತದೆ ಎಂಬುದನ್ನು ಪಕ್ಕದ ತಮಿಳುನಾಡಿನಲ್ಲಿ ನೋಡಿದೆವು. ಪಿಎಂ ಶ್ರೀ ಎಂಬ ಕೇಂದ್ರದ ಮಾದರಿ ಶಾಲೆಗಳ ಯೋಜನೆಯ ಒಪ್ಪಂದಕ್ಕೆ ಆ ರಾಜ್ಯ ಸಹಿ ಹಾಕಲಿಲ್ಲ. 2024-25ರ ಸಮಗ್ರ ಶಿಕ್ಷಣದ ಕೇಂದ್ರದ ಪಾಲು ನಿಂತುಹೋಯಿತು. 2025ರ ಮೇ ತಿಂಗಳಲ್ಲಿ ಆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಯಾರದು ಸರಿ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಒಂದೇ ಕೊಳಾಯಿಯಿಂದ ಎಲ್ಲ ನೀರೂ ಬರುವಾಗ, ಆ ಕೊಳಾಯಿ ನಿಂತರೆ ಶಾಲೆಗೆ ಬೇರೆ ಬಾವಿಯಿಲ್ಲ ಎಂಬುದಷ್ಟೇ ನನ್ನ ಮಾತು.

ನಮ್ಮ ರಾಜ್ಯಕ್ಕೆ ಈ ವಿದ್ಯೆ ಹೊಸದೇನಲ್ಲ. 1977-78ರಷ್ಟು ಹಿಂದೆಯೇ ಪಿಯು ಮಟ್ಟದಲ್ಲಿ ಉದ್ಯೋಗಾಧಾರಿತ ಕೋರ್ಸುಗಳು, ನಮ್ಮ ಜನ ಜೆಒಸಿ ಎಂದು ಕರೆಯುತ್ತಿದ್ದಂಥವು, ಇಲ್ಲಿ ಶುರುವಾದವು. ಕೇಳುಗರಲ್ಲಿ ಎಷ್ಟೋ ಜನ ಜೆಒಸಿ ಓದಿದವರು ಇದ್ದೀರಿ. ಆದರೆ ಕಲಿಸುವವರನ್ನು ದಶಕಗಟ್ಟಲೆ ಅರೆಕಾಲಿಕ ಗೌರವಧನದಲ್ಲೇ ಇಟ್ಟುಕೊಂಡೆವು. ಕೊನೆಗೆ ಕೋರ್ಸುಗಳನ್ನೇ ಮುಚ್ಚಿ, ಅವರನ್ನು ಬೇರೆ ಬೇರೆ ಇಲಾಖೆಗಳಲ್ಲಿ ವಿಲೀನ ಮಾಡಿದೆವು. ಅವರಿಗೆ ನೌಕರಿ ಸಿಕ್ಕಿತು, ಅದು ನ್ಯಾಯವೇ. ಆದರೆ ಅವರ ಕೈಯಲ್ಲಿದ್ದ ಕಸುಬು ತರಗತಿಯಿಂದ ಹೊರಟುಹೋಯಿತು. 1986ರ ಶಿಕ್ಷಣ ನೀತಿ 1995ರೊಳಗೆ ಹೈಯರ್ ಸೆಕೆಂಡರಿ ಮಕ್ಕಳಲ್ಲಿ ನೂರಕ್ಕೆ 25 ಜನ ವೃತ್ತಿ ಶಿಕ್ಷಣಕ್ಕೆ ಬರಬೇಕು ಎಂದಿತ್ತು. 2020ರ ನೀತಿ 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಅದರ ಪರಿಚಯ ಆಗಬೇಕು ಎಂದಿತು. ಗುರಿ ಬರೆಯುವುದರಲ್ಲಿ ನಾವು ಎಂದೂ ಹಿಂದೆ ಬಿದ್ದಿಲ್ಲ.

ಹಾಗಾದರೆ ಯಾರ ಕೈಗೆ ಕೊಡಬೇಕು? ಇದಕ್ಕೆ ಉತ್ತರ ಸಂವಿಧಾನದಲ್ಲೇ ಇದೆ ಎಂಬುದು ನನಗೆ ತಿಳಿದದ್ದು ನಿವೃತ್ತಿಯ ಅಂಚಿನಲ್ಲಿ. 73ನೇ ತಿದ್ದುಪಡಿ ಆದಾಗ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹನ್ನೊಂದನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದರು. ಅದರಲ್ಲಿ 17ನೆಯದು ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳು ಸೇರಿದ ಶಿಕ್ಷಣ, 18ನೆಯದು ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣ. ಎರಡನ್ನೂ ಒತ್ತೊತ್ತಾಗಿ ಇಟ್ಟಿದ್ದಾರೆ. ಅದಕ್ಕೂ ಮೊದಲೇ, 1987ರಲ್ಲಿ, ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ ಜಿಲ್ಲಾ ಪರಿಷತ್ತುಗಳನ್ನು ಚುನಾವಣೆಯಿಂದ ಕಟ್ಟಿದ ನಾಡು ನಮ್ಮದು. ಅಂಥ ನಾಡಿನಲ್ಲಿ 2016ರಲ್ಲಿ ಆರಿಸಿ ಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದವು. ಇದು ನನ್ನನ್ನು ಬಹಳ ನೋಯಿಸಿದ ಸಂಗತಿ. ಹಿಂಬದಿ ಕೊಠಡಿಗೆ ಬೀಗ ಬಿದ್ದಿದ್ದಾಗ ಹೋಗಿ ಕೇಳೋಣ ಅಂದರೆ, ಆರಿಸಿ ಬಂದ ತಾಲ್ಲೂಕು ಪಂಚಾಯತಿ ಸದಸ್ಯರೇ ಇಲ್ಲ.

ಹೊರದೇಶದ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ಅರಿಝೋನಾ ರಾಜ್ಯದಲ್ಲಿ 1990ರ ದಶಕದ ಆರಂಭದಿಂದ ಒಂದು ಏರ್ಪಾಡಿದೆ. ಸುತ್ತಮುತ್ತಲಿನ ಹಲವು ಹೈಸ್ಕೂಲುಗಳು ಸೇರಿ ವೃತ್ತಿ ಶಿಕ್ಷಣಕ್ಕೆಂದೇ ಒಂದು ಪ್ರತ್ಯೇಕ ಪ್ರಾದೇಶಿಕ ಸಂಸ್ಥೆ ಮಾಡಿಕೊಳ್ಳುತ್ತವೆ. ಮೊದಲನೆಯದು ಮೀಸಾ ನಗರದಲ್ಲಿ ಬಂತು. ಟೂಸಾನ್ ಇರುವ ಪೀಮಾ ಕೌಂಟಿಯಲ್ಲಿ 2006ರ ನವೆಂಬರಿನಲ್ಲಿ ಮತದಾರರೇ ವೋಟು ಹಾಕಿ ಇದನ್ನು ಸ್ಥಾಪಿಸಿದರು. ಆಡಳಿತ ಮಂಡಳಿಯನ್ನೂ ಜನರೇ ಆರಿಸುತ್ತಾರೆ. ಆಸ್ತಿಯ ತೆರಿಗೆ ಮೌಲ್ಯದ ಪ್ರತಿ 100 ಡಾಲರಿಗೆ 5 ಸೆಂಟ್ ಇದಕ್ಕೆಂದೇ ಮೀಸಲು, ಜೊತೆಗೆ ರಾಜ್ಯದ ಅನುದಾನ. 2015ರಲ್ಲಿ ರಾಜ್ಯ ಬಜೆಟ್ಟಿನಲ್ಲಿ ಈ ಸಂಸ್ಥೆಗಳಿಗೆ ಸುಮಾರು 3 ಕೋಟಿ ಡಾಲರ್ ಕಡಿತ ಬರೆದುಬಿಟ್ಟರು. ಪೋಷಕರು, ವಿದ್ಯಾರ್ಥಿಗಳು, ಗ್ಯಾರೇಜು ಮತ್ತು ಆಸ್ಪತ್ರೆ ನಡೆಸುವವರು ಸುಮ್ಮನಿರಲಿಲ್ಲ. ಕಡಿತ ಜಾರಿಗೆ ಬರುವ ಮೊದಲೇ, 2016ರ ಫೆಬ್ರುವರಿಯಲ್ಲಿ, 2 ಕೋಟಿ 80 ಲಕ್ಷ ಡಾಲರ್ ಮರಳಿ ಬಂತು. ಇದು ನಮ್ಮದು ಎನ್ನುವ ಊರಿನವರಿದ್ದರು, ಅವರಿಗೆ ಹೋಗಿ ಕೂಗಲು ಒಂದು ಮಂಡಳಿಯಿತ್ತು. ನಮ್ಮಲ್ಲಿ ತರಬೇತುದಾರರು ನಾಲ್ಕು ತಿಂಗಳು ಬರದಿದ್ದಾಗ ಒಬ್ಬರೇ ಒಬ್ಬ ಪೋಷಕರೂ ನನ್ನ ಕೊಠಡಿಗೆ ಬಂದು ಕೇಳಲಿಲ್ಲ. ಅವರದು ತಪ್ಪಲ್ಲ. ಕೇಳುವ ಹಕ್ಕು ತಮಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅಲ್ಲಿನದನ್ನು ಹಾಗೇ ತಂದು ಇಲ್ಲಿ ನೆಡಲಾಗದು. ಆಸ್ತಿ ತೆರಿಗೆಯನ್ನೇ ನಂಬಿದರೆ ಆನೇಕಲ್ಲಿಗೆ ಹೊಳೆ ಹರಿದೀತು, ದೇವದುರ್ಗಕ್ಕೆ ಹನಿಯೂ ಸಿಗದು. ಅದಕ್ಕೆ ನಮ್ಮಲ್ಲೇ ಅಳತೆಗೋಲಿದೆ. ಪ್ರಾದೇಶಿಕ ಅಸಮತೋಲನ ಅಧ್ಯಯನಕ್ಕೆ ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಹೊಸ ಲೆಕ್ಕದಿಂದ ಅದನ್ನು ತಿದ್ದಿಕೊಂಡು, ಹಿಂದುಳಿದ ತಾಲ್ಲೂಕಿಗೆ ಹೆಚ್ಚು ಪಾಲು ಎಂಬ ಕಟ್ಟಳೆಯಲ್ಲಿ ವರ್ಷವರ್ಷದ ಅನುದಾನವನ್ನು ನೇರವಾಗಿ ತಾಲ್ಲೂಕಿಗೆ ಕೊಡಲಿ. ಏಪ್ರಿಲ್‌ನಲ್ಲೇ ಕೊಡಲಿ, ಜೂನ್‌ಗೆ ಪಾಠ ಶುರುವಾಗಬೇಕು.

ಇನ್ನು ಕಾರ್ಯಾಗಾರ. ಪ್ರತಿ ಶಾಲೆಗೂ ಅರೆಬರೆ ಕೊಠಡಿ ಮಾಡುವ ಬದಲು ಒಂದು ಕಡೆ ಗಟ್ಟಿಯಾಗಿ ಕಟ್ಟಿ, ಸುತ್ತಲಿನ ಶಾಲೆಗಳ ಮಕ್ಕಳನ್ನು ಅಲ್ಲಿಗೆ ಕರೆತರುವ ದಾರಿಯನ್ನು ಸಮಗ್ರ ಶಿಕ್ಷಣವೂ ಈಗ ಒಪ್ಪಿದೆ. ನಮ್ಮ ತಾಲ್ಲೂಕುಗಳಲ್ಲಿ ಐಟಿಐಗಳಿವೆ, ಪಾಲಿಟೆಕ್ನಿಕ್ಕುಗಳಿವೆ. ಆದರೆ ಪ್ರೌಢಶಾಲೆ ಒಂದು ಇಲಾಖೆ, ಐಟಿಐ ಇನ್ನೊಂದು, ಪಾಲಿಟೆಕ್ನಿಕ್ ಮತ್ತೊಂದು. ನಮ್ಮ ಶಾಲೆಯಿಂದ ಹತ್ತು ನಿಮಿಷ ನಡೆದರೆ ಒಂದು ಐಟಿಐ ಇತ್ತು. ಅಲ್ಲಿ ಲೇತ್ ಇತ್ತು, ಬೆಸುಗೆ ಯಂತ್ರವಿತ್ತು, ಕಲಿಸುವವರಿದ್ದರು. ವಾರಕ್ಕೊಮ್ಮೆ ನಮ್ಮ ಮಕ್ಕಳನ್ನು ಕಳಿಸಲು ಅನುಮತಿ ಕೇಳಿ ಪತ್ರ ಬರೆದೆ. ಪತ್ರ ಮೇಲಕ್ಕೆ ಹೋಯಿತು, ಉತ್ತರ ಬರಲಿಲ್ಲ. ಕೊನೆಗೆ ಅಲ್ಲಿನ ಹಿರಿಯ ಬೋಧಕರೊಬ್ಬರು, "ಶನಿವಾರ ಮಧ್ಯಾಹ್ನ ಕರ್ಕೊಂಡ್ ಬನ್ನಿ ಮೇಡಂ, ನಾನಿರ್ತೀನಿ" ಎಂದರು. ಆರು ಶನಿವಾರ ಹೋದೆವು. ಏನಾದರೂ ಅವಘಡವಾದರೆ ಹೊಣೆ ಯಾರು ಎಂಬ ಭಯ ಇಬ್ಬರಿಗೂ ಇತ್ತು. ಏಳನೇ ಶನಿವಾರ ಹೋಗುವ ಧೈರ್ಯ ನನಗಾಗಲಿಲ್ಲ. ಒಂದು ತಾಲ್ಲೂಕು ವೃತ್ತಿ ಶಿಕ್ಷಣ ಮಂಡಳಿ ಇದ್ದಿದ್ದರೆ, ಅದರಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ ಬಿಇಒ, ಐಟಿಐ ಪ್ರಾಂಶುಪಾಲರು, ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಪೋಷಕರು, ಊರಿನ ಇಬ್ಬರು ಕಸುಬುದಾರರು ಕೂತಿದ್ದರೆ, ಆ ಪತ್ರಕ್ಕೆ ಒಂದೇ ಸಭೆಯಲ್ಲಿ ಉತ್ತರ ಸಿಗುತ್ತಿತ್ತು. ಮಕ್ಕಳಿಗೆ ವಿಮೆ ಮಾಡಿಸುವುದು, ತರಬೇತುದಾರರನ್ನು ನೇರವಾಗಿ ಐದು ವರ್ಷಕ್ಕೆ ನೇಮಿಸಿಕೊಳ್ಳುವುದು, ಆಟೊಮೊಬೈಲ್ ಬೇಕೋ ರೇಷ್ಮೆ ಬೇಕೋ ಎಂದು ತಾಲ್ಲೂಕನ್ನು ನೋಡಿ ಆರಿಸುವುದು, ಇವೆಲ್ಲ ಅವರ ಕೈಯಲ್ಲೇ ಇರಬೇಕು. ಲೆಕ್ಕ ಪರಿಶೋಧನೆ, ಪರೀಕ್ಷೆ, ಪ್ರಮಾಣಪತ್ರ ರಾಜ್ಯದ ಹತ್ತಿರವೇ ಇರಲಿ. ಅಲ್ಲಿ ಸಡಿಲ ಕೊಟ್ಟರೆ ಮಕ್ಕಳ ಪ್ರಮಾಣಪತ್ರಕ್ಕೆ ಬೆಲೆ ಉಳಿಯದು.

ನಿಮ್ಮ ಮಕ್ಕಳು ಓದುವ ಶಾಲೆಯಲ್ಲಿ ಇಂಥ ತರಗತಿ ಇದ್ದರೆ, ಮುಂದಿನ ಎಸ್‌ಡಿಎಂಸಿ ಸಭೆಗೆ ದಯವಿಟ್ಟು ಹೋಗಿ. ತರಬೇತುದಾರರಿಗೆ ಯಾವ ತಿಂಗಳವರೆಗಿನ ಸಂಬಳ ಬಂದಿದೆ, ಕಚ್ಚಾ ಸಾಮಗ್ರಿಗೆ ಈ ವರ್ಷ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಕೇಳಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮುಖ್ಯ ಶಿಕ್ಷಕರು ನಿಮ್ಮ ಮೇಲೆ ಬೇಸರ ಮಾಡಿಕೊಳ್ಳುವುದಿಲ್ಲ. ಆ ಬರಹದ ನಕಲು ಹಚ್ಚಿ ಮೇಲಕ್ಕೆ ಪತ್ರ ಬರೆಯಲು ಅವರಿಗೊಂದು ಆಧಾರ ಸಿಗುತ್ತದೆ. ನನಗೆ ಅಂದು ಅದು ಬೇಕಿತ್ತು.

ನಮಸ್ಕಾರ.