ಲಿವರ್ ಹಿಡಿದ ಕೈ

ಕೇಳುಗರಿಗೆ ನಮಸ್ಕಾರ.

ರೋಲರ್ ಕೋಸ್ಟರಿನಲ್ಲಿ ಒಮ್ಮೆಯಾದರೂ ಕುಳಿತವರಿಗೆ ಒಂದು ಸದ್ದು ನೆನಪಿರುತ್ತದೆ. ಗಾಡಿ ಮೊದಲ ದಿಬ್ಬವನ್ನು ನಿಧಾನವಾಗಿ ಏರುವಾಗ ಕಾಲಡಿಯಿಂದ ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಕೇಳಿಬರುವ ಸದ್ದು ಅದು. ಮೇಲಕ್ಕೆಳೆಯುವ ಸರಪಳಿಯೇ ಹಾಗೆ ಸದ್ದು ಮಾಡುತ್ತದೆಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ಸರಪಳಿಯದಲ್ಲ. ಹಳಿಗಳ ನಡುವೆ ಗರಗಸದ ಹಲ್ಲುಗಳಂತೆ ಕೊರೆದ ಪಟ್ಟಿಯೊಂದಿರುತ್ತದೆ. ಗಾಡಿಯ ಅಡಿಯಲ್ಲಿರುವ ಕಬ್ಬಿಣದ ನಾಲಿಗೆಯೊಂದು ಆ ಹಲ್ಲುಗಳನ್ನು ಒಂದೊಂದಾಗಿ ದಾಟಿ, ಪ್ರತಿ ಸಲವೂ ಹಲ್ಲಿನ ಹಿಂದಕ್ಕೆ ಬೀಳುತ್ತದೆ. ಸರಪಳಿ ಕಡಿದುಹೋದರೆ ನಾಲಿಗೆ ಅಲ್ಲೇ ಸಿಕ್ಕಿಕೊಂಡು, ಗಾಡಿ ಹಿಂದಕ್ಕೆ ಜಾರದಂತೆ ತಡೆಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಜಾನ್ ಮಿಲ್ಲರ್ ಈ ವ್ಯವಸ್ಥೆಯನ್ನು ಪಕ್ವಗೊಳಿಸಿದರು. ಪ್ರಯಾಣಿಕರ ಎದೆ ಡವಗುಟ್ಟಿಸುವ ಆ ಸದ್ದು ಅವರನ್ನು ಕಾಯುತ್ತಿರುವ ಸಾಧನದ ಸದ್ದೇ ಆಗಿದೆ.

ಆ ತಡೆ ಕೈಕೊಟ್ಟಾಗ ಏನಾಗುತ್ತದೆ ಎಂಬುದು 1972ರ ಮೇ 30ರಂದು ಲಂಡನ್ನಿನ ಬ್ಯಾಟರ್ಸೀ ಉದ್ಯಾನದಲ್ಲಿ ಜಗತ್ತಿಗೆ ಗೊತ್ತಾಯಿತು. ಅಲ್ಲಿನ ಬಿಗ್ ಡಿಪ್ಪರ್ ಎಂಬ ರೋಲರ್ ಕೋಸ್ಟರಿನ ಗಾಡಿಯನ್ನು ದಿಬ್ಬಕ್ಕೆ ಎಳೆಯುತ್ತಿದ್ದ ಹಗ್ಗ ಕಳಚಿಕೊಂಡಿತು, ಹಿಂಜಾರಿಕೆಯನ್ನು ತಡೆಯಬೇಕಾದ ಬ್ರೇಕು ಕೆಲಸ ಮಾಡಲಿಲ್ಲ, ಗಾಡಿ ಹಿಮ್ಮುಖವಾಗಿ ಇಳಿದು ಅಪ್ಪಳಿಸಿತು. ಐವರು ಮಕ್ಕಳು ಸತ್ತರು.

ಈ ಯಂತ್ರಗಳ ಹುಟ್ಟು ಮಾತ್ರ ಬಹಳ ಸೌಮ್ಯವಾದದ್ದು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ತೆರೆದ ಸ್ವಿಚ್‌ಬ್ಯಾಕ್ ರೈಲ್ವೆಯ ವೇಗ ಗಂಟೆಗೆ ಸುಮಾರು ಆರು ಮೈಲಿ, ಶುಲ್ಕ ಐದು ಸೆಂಟು. ಜನರು ಮೆಟ್ಟಿಲು ಹತ್ತಿ ಅಟ್ಟಳಿಗೆಯ ಮೇಲೆ ಗಾಡಿಯಲ್ಲಿ ಕೂರುತ್ತಿದ್ದರು. ಗಾಡಿ ತನ್ನ ಭಾರದಿಂದಲೇ ಏರಿಳಿಯುತ್ತಾ ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಎಲ್ಲರೂ ಇಳಿಯಬೇಕು, ಕೆಲಸಗಾರರು ಗಾಡಿಯನ್ನು ನೂಕಿ ಪಕ್ಕದ ಹಳಿಗೆ ಏರಿಸಬೇಕು, ಆಮೇಲೆ ಮರುಪ್ರಯಾಣ. ಒಂದೆರಡು ವರ್ಷದೊಳಗೆ ಇತರರು ಹೊರಟಲ್ಲಿಗೇ ಬಂದು ಸೇರುವ ಸುತ್ತುಹಳಿಯನ್ನೂ ದಿಬ್ಬಕ್ಕೆ ಎಳೆಯುವ ಉಗಿಯಂತ್ರವನ್ನೂ ತಂದುದರಿಂದ ಈ ನೂಕಾಟ ತಪ್ಪಿತು. ಈ ಬದಲಾವಣೆಗೆ ಕಾರಣ ಅಪಾಯವಲ್ಲ, ಸರತಿ. ಉದ್ದನೆಯ ಸಾಲು ನಿಂತಿರುವಾಗ ಗಾಡಿ ನೂಕುತ್ತಾ ಕೂತರೆ ವ್ಯಾಪಾರ ನಡೆಯುವುದಿಲ್ಲ.

ಆ ಕಾಲದ ಗಾಡಿಗಳಿಗೆ ಹಳಿಯ ಮೇಲೆ ಉರುಳುವ ಚಕ್ರಗಳಿದ್ದವು, ಪಕ್ಕಕ್ಕೆ ಸರಿಯದಂತೆ ಅಂಚಿನಲ್ಲಿ ತಡೆಗಳಿದ್ದವು. ಆದರೆ ಮೇಲಕ್ಕೆ ಏಳದಂತೆ ಹಿಡಿದಿಡುವುದು ಏನೂ ಇರಲಿಲ್ಲ. ಗಾಡಿಯ ಭಾರವೇ ಅದನ್ನು ಹಳಿಗೆ ಕಟ್ಟಿಹಾಕಬೇಕಾಗಿತ್ತು. ಆದ್ದರಿಂದ ಅನೇಕ ಗಾಡಿಗಳಲ್ಲಿ ಪ್ರಯಾಣಿಕರ ಜೊತೆಗೇ ಬ್ರೇಕ್‌ಮನ್ ಒಬ್ಬ ಸಾಗುತ್ತಿದ್ದ. ಯಾವ ಇಳಿಜಾರಿನಲ್ಲಿ ಬಿಗಿ ಹಿಡಿಯಬೇಕು, ಯಾವ ತಿರುವಿನ ಮೊದಲು ಸಡಿಲಿಸಬೇಕು ಎಂಬುದೆಲ್ಲ ಅವನ ಕೈಗೆ ರೂಢಿಯಾಗಿರುತ್ತಿತ್ತು. ಗಾಡಿಯಲ್ಲಿ ಎಷ್ಟು ಜನರಿದ್ದಾರೆ, ಮಳೆ ಬಿದ್ದಿದೆಯೇ, ಬೆಳಗಿನ ಚಳಿಗೆ ಚಕ್ರದ ಗ್ರೀಸು ಗಟ್ಟಿಯಾಗಿದೆಯೇ, ಇವೆಲ್ಲವೂ ಅವನ ಲೆಕ್ಕದಲ್ಲಿರಬೇಕು. ಬೆಳಿಗ್ಗೆ ಮಂದವಾಗಿ ಓಡಿದ ಗಾಡಿಯೇ ಸಂಜೆಯ ಹೊತ್ತಿಗೆ, ಗ್ರೀಸು ಬಿಸಿಯಾದ ಮೇಲೆ, ಬೇರೆಯದೇ ಗಾಡಿಯೇನೋ ಎಂಬಂತೆ ಓಡುತ್ತದೆ.

ಮಿಲ್ಲರ್ ಅವರೇ 1919ರಲ್ಲಿ ಪೇಟೆಂಟ್ ಪಡೆದ ಇನ್ನೊಂದು ಸಾಧನ ಈ ಬ್ರೇಕ್‌ಮನ್ನನ ಕೆಲಸಕ್ಕೇ ಸಂಚಕಾರ ತಂದಿತು. ಅದು ಹಳಿಯ ಅಡಿಭಾಗವನ್ನು ಹಿಡಿದು ಉರುಳುವ ಚಕ್ರ. ಗಾಡಿ ಏಳಲೆತ್ನಿಸಿದರೂ ಈ ಚಕ್ರ ಬಿಡುವುದಿಲ್ಲ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸುವುದು ಇದೇ: ಜೀವ ಉಳಿಸಲು ಬಂದ ಸಾಧನ ದಿಬ್ಬಗಳನ್ನು ಇನ್ನಷ್ಟು ಎತ್ತರಿಸಲು, ಇಳಿಜಾರನ್ನು ಇನ್ನಷ್ಟು ಕಡಿದಾಗಿಸಲು ದಾರಿ ಮಾಡಿಕೊಟ್ಟಿತು. ಗಾಡಿ ಹಾರಿಹೋಗದೆಂಬ ಭರವಸೆ ಬಂದ ಮೇಲೆ ದಾರಿಯುದ್ದಕ್ಕೂ ಬ್ರೇಕು ಒತ್ತುವವನು ಬೇಕಾಗಲಿಲ್ಲ. ಬ್ರೇಕು ಗಾಡಿಯಿಂದ ಇಳಿದು ಹಳಿಗೆ ಬಂತು, ಅದನ್ನು ಹಿಡಿದವನು ನಿಲ್ದಾಣದ ಕಟ್ಟೆಗೆ ಬಂದ.

ಕೋನಿ ಐಲೆಂಡಿನಲ್ಲಿ 1927ರಲ್ಲಿ ತೆರೆದ ಸೈಕ್ಲೋನ್ ಅಂಥ ಪೀಳಿಗೆಯದು. ಕಟ್ಟೆಯ ಮೇಲೆ ನೆಟ್ಟ ಎದೆಯೆತ್ತರದ ಲಿವರುಗಳು, ಅವುಗಳಿಂದ ಸರಳುಗಳ ಮೂಲಕ ಹಳಿಯ ನಡುವಿನ ಬ್ರೇಕಿಗೆ ಜೋಡಣೆ. ಲಿವರನ್ನು ಮೈಭಾರ ಹಾಕಿ ಎಳೆದರೆ ಬ್ರೇಕು ಹಿಡಿದುಕೊಳ್ಳುತ್ತದೆ, ಬಿಟ್ಟರೆ ಗಾಡಿ ಮುಂದೆ ಸರಿಯುತ್ತದೆ. ಬಿಗಿ ಎಷ್ಟಿರಬೇಕೆಂದು ತೋರಿಸುವ ಮುಳ್ಳಾಗಲಿ ದೀಪವಾಗಲಿ ಇರಲಿಲ್ಲ; ಅಂಗೈಗೆ ತಾಗುವ ನಡುಕವೇ ಅಳತೆ. ಒಂದು ಗಾಡಿ ನಿಲ್ದಾಣದಲ್ಲಿ ಜನರನ್ನು ಇಳಿಸುತ್ತಿರುವಾಗ ಇನ್ನೊಂದು ಹಿಂದಿನಿಂದ ಬಂದರೆ ಅದನ್ನು ಹೊರಗೇ ತಡೆದು ನಿಲ್ಲಿಸುವುದೂ ಆ ಕೈಯ ಕೆಲಸವೇ.

ಮನುಷ್ಯನ ಗಮನ ಒಂದು ಕ್ಷಣ ಬೇರೆಡೆಗೆ ಹೋದರೂ ಎರಡು ಗಾಡಿಗಳು ಡಿಕ್ಕಿಯಾಗಬಹುದು. ಹಾಗಾಗಿ ರೈಲುಮಾರ್ಗದ ಹಳೆಯ ಉಪಾಯವನ್ನು ಇಲ್ಲಿಗೂ ತಂದರು: ಹಳಿಯನ್ನು ಭಾಗಗಳಾಗಿ ವಿಂಗಡಿಸುವುದು, ಒಂದು ಭಾಗದಲ್ಲಿ ಒಂದೇ ಗಾಡಿ ಇರುವುದು, ಮುಂದಿನ ಭಾಗ ಖಾಲಿಯಾಗುವವರೆಗೆ ಹಿಂದಿನದನ್ನು ಬ್ರೇಕು ತಾನಾಗಿಯೇ ಹಿಡಿದಿಡುವುದು. 1959ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ತೆರೆದ ಮ್ಯಾಟರ್‌ಹಾರ್ನ್ ಉಕ್ಕಿನ ಕೊಳವೆಗಳನ್ನೇ ಹಳಿಯಾಗಿಸಿದ್ದಕ್ಕೆ ಹೆಸರಾದದ್ದು. ಒಂದೇ ಹಳಿಯ ಮೇಲೆ ಹಲವು ಗಾಡಿಗಳನ್ನು ಹೀಗೆ ಅಂತರ ಕಾಯ್ದು ಓಡಿಸಿದವುಗಳಲ್ಲಿಯೂ ಅದು ಮುಂಚೂಣಿಯದು.

ಬ್ರೇಕಿನ ತರ್ಕವೂ ತಲೆಕೆಳಗಾಯಿತು. ಹಿಂದೆ ಯಾರಾದರೂ ಎಳೆದರೆ ಬ್ರೇಕು ಹಿಡಿಯುತ್ತಿತ್ತು. ಈಗಿನ ವ್ಯವಸ್ಥೆಯಲ್ಲಿ ಸ್ಪ್ರಿಂಗು ಬ್ರೇಕನ್ನು ಸದಾ ಮುಚ್ಚಿ ಹಿಡಿದಿರುತ್ತದೆ, ಒತ್ತಡದ ಗಾಳಿ ಅದನ್ನು ತೆರೆಯುತ್ತದೆ. ಗಾಳಿ ಸೋರಿದರೂ ವಿದ್ಯುತ್ತು ಹೋದರೂ ಗಾಡಿ ನಿಲ್ಲುತ್ತದೆ. ಆಮೇಲೆ ಬಂದ ಆಯಸ್ಕಾಂತದ ಬ್ರೇಕಿಗೆ ವಿದ್ಯುತ್ತೂ ಬೇಡ, ಉಜ್ಜುವಿಕೆಯೂ ಬೇಡ. ಆಯಸ್ಕಾಂತಗಳ ಸಂದಿಯಲ್ಲಿ ಲೋಹದ ಹಲಗೆ ವೇಗವಾಗಿ ಹಾದಾಗ ಹುಟ್ಟುವ ಪ್ರತಿರೋಧವೇ ಗಾಡಿಯನ್ನು ನಿಧಾನಗೊಳಿಸುತ್ತದೆ. ಮಳೆಗೂ ಅದು ಜಗ್ಗುವುದಿಲ್ಲ. ಆದರೆ ವೇಗ ತಗ್ಗಿದಂತೆ ಆ ಪ್ರತಿರೋಧವೂ ತಗ್ಗುವುದರಿಂದ ಗಾಡಿಯನ್ನು ಪೂರ್ತಿ ನಿಲ್ಲಿಸಲು ಕೊನೆಯಲ್ಲಿ ಬೇರೆ ಬ್ರೇಕು ಬೇಕೇ ಬೇಕು.

ತೊಡೆಯ ಮೇಲೆ ಇಳಿಯುವ ಸರಳಿನ ಕಥೆಯನ್ನೂ ಹೇಳಬೇಕು. ಹಳೆಯ ಗಾಡಿಗಳಲ್ಲಿ ಇಬ್ಬರಿಗೂ ಸೇರಿ ಒಂದೇ ಸರಳು. ದಪ್ಪನೆಯ ಹಿರಿಯರೊಬ್ಬರ ಪಕ್ಕದಲ್ಲಿ ಮಗು ಕುಳಿತರೆ ಸರಳು ಹಿರಿಯರ ಹೊಟ್ಟೆಗೆ ತಾಗಿ ನಿಲ್ಲುತ್ತಿತ್ತು. ಮಗುವಿನ ಮಡಿಲ ಮೇಲೆ ಗೇಣುದ್ದದ ಖಾಲಿ ಜಾಗ ಉಳಿಯುತ್ತಿತ್ತು. ಗಾಡಿ ನಿಂತ ಮೇಲೆ ಸಹಾಯಕನೊಬ್ಬ ಪ್ರತಿ ಡಬ್ಬಿಯ ಪೆಡಲನ್ನು ಕಾಲಿನಿಂದ ಒತ್ತುತ್ತಾ ಹೋಗಿ ಸರಳುಗಳನ್ನು ಬಿಡಿಸುತ್ತಿದ್ದದ್ದೂ ಉಂಟು. ಈಗ ಒಬ್ಬೊಬ್ಬರಿಗೂ ಪ್ರತ್ಯೇಕ ಸರಳು, ಅವರವರ ಮೈಗೆ ಹೊಂದಿ ಹಲ್ಲು ಹಲ್ಲಾಗಿ ಬಿಗಿಯಾಗುವಂಥದ್ದು. ಅನೇಕ ಯಂತ್ರಗಳಲ್ಲಿ ಒಂದೇ ಒಂದು ಸರಳು ಸರಿಯಾಗಿ ಮುಚ್ಚದಿದ್ದರೂ ಹೊರಡಿಸುವ ಗುಂಡಿ ಕೆಲಸ ಮಾಡುವುದಿಲ್ಲ.

ಹಳಿಯ ಆಕಾರವೂ ಪೆಟ್ಟು ತಿಂದೇ ಪಾಠ ಕಲಿಯಿತು. ಕೋನಿ ಐಲೆಂಡಿನಲ್ಲಿ 1895ರಲ್ಲಿ ಬಂದ ಫ್ಲಿಪ್ ಫ್ಲ್ಯಾಪ್ ಪ್ರಯಾಣಿಕರನ್ನು ಸುಮಾರು 25 ಅಡಿ ವ್ಯಾಸದ ಪೂರ್ಣ ವೃತ್ತದಲ್ಲಿ ತಲೆಕೆಳಗು ಮಾಡುತ್ತಿತ್ತು. ನೇರ ಹಳಿಯಿಂದ ವೃತ್ತಕ್ಕೆ ನುಗ್ಗಿದ ಕ್ಷಣವೇ ಮೈಭಾರ ಹಲವು ಪಟ್ಟಾಗಿ ಕುತ್ತಿಗೆಗಳು ನೋಯುತ್ತಿದ್ದವು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ನಿನಲ್ಲಿ ಬಂದ ಸುರುಳಿ ನೀರಿನ ಹನಿಯ ಆಕಾರದ್ದು, ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಬಾಗು ಕ್ರಮೇಣ ಹೆಚ್ಚುವುದರಿಂದ ಮೈಗೆ ಹಠಾತ್ ಪೆಟ್ಟು ಬೀಳುವುದಿಲ್ಲ.

ಜೈಂಟ್ ವೀಲಿನಲ್ಲಿ ಅಪಾಯಕ್ಕಿಂತ ದೊಡ್ಡ ಸಮಸ್ಯೆ ಜನರನ್ನು ಹತ್ತಿಸುವುದಾಗಿತ್ತು. 1893ರಲ್ಲಿ ಶಿಕಾಗೋದಲ್ಲಿ ಜಾರ್ಜ್ ಫೆರಿಸ್ ನಿಲ್ಲಿಸಿದ 264 ಅಡಿಯ ಚಕ್ರದಲ್ಲಿ 36 ಕೋಣೆಗಳು, ಕೋಣೆಗೆ 60 ಜನ. ಆರು ಕಟ್ಟೆಗಳಿಂದ ಒಟ್ಟಿಗೆ ಆರು ಕೋಣೆ ತುಂಬಿಸಿದರೂ ಚಕ್ರ ಮೊದಲ ಸುತ್ತಿನಲ್ಲಿ ಆರು ಬಾರಿ ನಿಲ್ಲಬೇಕಿತ್ತು. ಎರಡನೆಯ ಸುತ್ತು ಮಾತ್ರ ನಿಲುಗಡೆಯಿಲ್ಲದ್ದು. 2000ದಲ್ಲಿ ಜನರಿಗೆ ತೆರೆದ ಲಂಡನ್ ಐ ಸೆಕೆಂಡಿಗೆ 26 ಸೆಂಟಿಮೀಟರಿನಷ್ಟು ನಿಧಾನವಾಗಿ ತಿರುಗುವುದರಿಂದ ಜನ ನಡೆಯುತ್ತಲೇ ಒಳಗೆ ಕಾಲಿಡುತ್ತಾರೆ, ಚಕ್ರ ಸಾಮಾನ್ಯವಾಗಿ ನಿಲ್ಲುವುದೇ ಇಲ್ಲ.

ಇಷ್ಟೆಲ್ಲ ಬದಲಾದ ಮೇಲೂ ಬ್ರೇಕ್‌ಮನ್ ಪೂರ್ತಿ ಮರೆಯಾಗಿಲ್ಲ. ಮೆಲ್ಬರ್ನಿನ ಲೂನಾ ಪಾರ್ಕಿನಲ್ಲಿ 1912ರಿಂದಲೂ, ಕೋಪನ್‌ಹೇಗನ್ನಿನ ಟಿವೊಲಿಯಲ್ಲಿ 1914ರಿಂದಲೂ ಓಡುತ್ತಿರುವ ಮರದ ಗಾಡಿಗಳ ಅಡಿಯಲ್ಲಿ ಹಳಿ ಹಿಡಿಯುವ ಚಕ್ರಗಳಿಲ್ಲ. ಅಲ್ಲಿ ಪ್ರತಿ ಗಾಡಿಯಲ್ಲೂ ಒಬ್ಬರು ಪ್ರಯಾಣಿಕರ ನಡುವೆಯೇ ಇದ್ದು, ಪ್ರತಿ ಇಳಿಜಾರಿನಲ್ಲೂ ಲಿವರನ್ನು ಎಳೆಯುತ್ತಾರೆ, ಬಿಡುತ್ತಾರೆ, ಮತ್ತೆ ಎಳೆಯುತ್ತಾರೆ.

ನಮಸ್ಕಾರ.